ನಾಟಕ ನಿಲ್ಲಬಾರದು

ನಾನು ಒಂದು ಮರದ ಡಬ್ಬಿ. ಒಂದು ಮೈ ತೆರೆದು ಉಳಿದ ಮೈಯೆಲ್ಲ ಮುಚ್ಚಿದ, ಕಪ್ಪು ಬಣ್ಣ ಬಳಿದ ಚೌಕದ ಡಬ್ಬಿ. ನಾಟಕದವರು ನನ್ನನ್ನು ಬ್ಲಾಕ್ ಎನ್ನುತ್ತಾರೆ. ಯಾರಾದರೂ ಸ್ಟೂಲ್ ಎಂದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಸ್ಟೂಲಿನ ಮೇಲೆ ಕೂರಬಹುದು, ಅಷ್ಟೇ. ನನ್ನ ಮೇಲೆ ರಾಜರು ಕೂತಿದ್ದಾರೆ, ನನ್ನೊಳಗೆ ಹಗ್ಗ ಬಿಟ್ಟು ನೀರು ಸೇದಿದ್ದಾರೆ, ನನ್ನನ್ನು ಹೆಣವೆಂದು ಹೊತ್ತು ಗೊಳೋ ಎಂದು ಅತ್ತಿದ್ದಾರೆ.

ಗದಗಿನ ಬಡಿಗೇರ ಮೌನೇಶಪ್ಪ ಯಾರದೋ ಮನೆಯ ಬಾಗಿಲಿಗೆ ತಂದ ಬೇವಿನ ಹಲಗೆಯಲ್ಲಿ ಮಿಕ್ಕಿದ್ದನ್ನು ಕೂಡಿಸಿ ನನ್ನನ್ನು ಮಾಡಿದ. ಬಾಗಿಲಿಗೆ ಹೋದ ಅಣ್ಣತಮ್ಮಂದಿರು ಅರಿಶಿನ ಕುಂಕುಮ ಹಚ್ಚಿಸಿಕೊಂಡು ಒಂದೇ ಕಡೆ ನಿಂತರು. ನನ್ನ ಪಾಲಿಗೆ ಬಂದದ್ದು ತಿರುಗಾಟ. ಮಾಡಿಸಲು ಬಂದವರು ಹೆಣ್ಣುಮಕ್ಕಳ ಹೈಸ್ಕೂಲಿನ ಕನ್ನಡ ಟೀಚರು, ಸುಲೋಚನಾ ಹೊಂಬಳ. ಮೌನೇಶಪ್ಪ ನನ್ನನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ತಾನೇ ಮಾಡಿದ್ದರೂ ಒಪ್ಪಿಗೆಯಾಗದೆ ಕೇಳಿದ:

"ಟೀಚರ, ಕುರ್ಚಿ ಅನ್ನಾಕ ಬೆನ್ನಿಲ್ಲ, ಪೆಟಗಿ ಅನ್ನಾಕ ಮುಚ್ಚಳಿಲ್ಲ. ಯಾತಕ್ಕ ಬೇಕರಿ ಇದು ನಿಮಗ?"

"ಎಲ್ಲಾದಕ್ಕೂ ಬೇಕು ಮೌನೇಶಪ್ಪ. ನಾಟಕಕ್ಕ."

"ನಾಟಕಕ್ಕ ಪರದಿ ಬೇಕು, ಕಿರೀಟ ಬೇಕು. ಇದನ್ಯಾಕ?" ಎಂದು ಗೊಣಗುತ್ತಲೇ ಅವನು ನನ್ನನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಟ್ಟ.

ಟೀಚರಿಗೆ ಮದುವೆಯಾಗಿರಲಿಲ್ಲ. ಬಾಡಿಗೆ ಮನೆಯ ಪಡಸಾಲಿಯಲ್ಲಿ ಅವರ ತಂಡ ಸಂಜೆ ಸಂಜೆ ಸೇರುತ್ತಿತ್ತು. ಹಾಗಾಗಿ ತಂಡದ ಹೆಸರೂ ಪಡಸಾಲಿ. ಅಲ್ಲಿ ಎಲ್ಲರೂ ಅವರನ್ನು ಅಕ್ಕಾರ ಎಂದು ಕರೆಯುತ್ತಿದ್ದರು, ನಾನೂ ಅಕ್ಕ ಎಂದೇ ಅಂದುಕೊಂಡೆ. ಅಕ್ಕ ನಾಟಕವನ್ನು ಕೂತು ಬರೆದವರಲ್ಲ. ನಟರನ್ನು ನಿಲ್ಲಿಸಿ, ಒಂದು ಸಂದರ್ಭ ಕೊಟ್ಟು, ಅವರ ಬಾಯಿಂದ ಮಾತು ಬರಿಸಿ, ಬೇಡದ್ದನ್ನು ಕಿತ್ತು, ಬೇಕಾದ್ದನ್ನು ತಮ್ಮದೇ ಮಾತಿನಲ್ಲಿ ತಿದ್ದಿ ಕಟ್ಟುತ್ತಿದ್ದರು. ಕಾಗದದ ಮೇಲೆ ಇಳಿಸಿದರೆ ನಾಟಕ ಸಾಯುತ್ತದೆ ಎಂಬ ಹಟ ಅವರದು. ಹಟ ಎಂದರೆ ಅಂತಿಂಥ ಹಟವಲ್ಲ.

ಮೊದಲ ನಾಟಕ 'ಸಿಂಹಾಸನದ ಸವಾಲು.' ನಾನೇ ಸಿಂಹಾಸನ. ನನ್ನನ್ನು ಸವಾಲಿನಲ್ಲಿ ಕೂಗಿ ಮಾರುತ್ತಿದ್ದರು. ಕಂಪನಿ ನಾಟಕ ನೋಡಿ ಬೆಳೆದ ಮಂದಿ ಅರ್ಧಕ್ಕೇ ಎದ್ದು ಚಪ್ಪಲಿ ಹುಡುಕತೊಡಗಿದರು. ಒಬ್ಬ ಮುದುಕ ಸೀದಾ ಅಕ್ಕನ ಹತ್ತಿರವೇ ಬಂದು, "ಪರದಿಲ್ಲ, ಪೇಟಿ ತಬಲಾ ಇಲ್ಲ, ಹಾಡಿಲ್ಲ, ಒಂದು ಡಬ್ಬಿ ಇಟಗೊಂಡು ಕುಣೀತೀರಿ. ಎಂಥಾ ನಾಟಕ ಯವ್ವಾ ಇದು?" ಎಂದು ಬೈದು ಹೋದ. ಅಕ್ಕ ನಕ್ಕರು. ನನಗೆ ಮಾತ್ರ ಆ ಡಬ್ಬಿ ಎಂಬ ಮಾತು ಬಹಳ ದಿನ ಚುಚ್ಚಿತು.

ಅಕ್ಕನ ತಂಡಕ್ಕೆ ಒಂದೇ ನಿಯಮ. ರಂಗದ ಮೇಲೆ ಏನೇ ಆಗಲಿ, ನಾಟಕ ನಿಲ್ಲಬಾರದು. ಆದದ್ದನ್ನು ನಾಟಕದೊಳಗೆ ತೆಗೆದುಕೊಳ್ಳಬೇಕು. ಮುಂಡರಗಿಯಲ್ಲಿ ಬಯಲಲ್ಲಿ ಆಡುವಾಗ ಒಂದು ಆಡು ನೆಟ್ಟಗೆ ಬಂದು ನನ್ನ ಮೇಲೆ ಹತ್ತಿ ನಿಂತಿತು. ರಾಜನ ಪಾತ್ರದಲ್ಲಿದ್ದ ಗಂಗಾಧರ ಕಮತಗಿ ಒಂದು ಚೂರೂ ಅಳುಕದೆ ಬಗ್ಗಿ ನಮಸ್ಕಾರ ಮಾಡಿ, "ಬರ್ರಿ ಮಂತ್ರಿಗಳ, ಯಾಕ ಇಷ್ಟ ತಡಾ?" ಅಂದ. ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಈ ಗಂಗಾಧರ ಹಗಲಿಗೆ ಮೋಟರ್ ವೈಂಡಿಂಗ್ ಅಂಗಡಿಯವನು, ಸಂಜೆಗೆ ಅಕ್ಕನ ಬಲಗೈ. ಅಕ್ಕ ಹೇಳಿದ್ದೇ ಅವನಿಗೆ ವೇದ.

ವರ್ಷಗಳು ಹೋದವು. ಮಂದಿಯೂ ಕಲಿತರು. ಕರೆಂಟು ಹೋದರೆ ಏಳುತ್ತಿರಲಿಲ್ಲ, ಕತ್ತಲಲ್ಲೇ ಕಿವಿ ನಿಮಿರಿಸಿ ಕೂರುತ್ತಿದ್ದರು. ನಟ ಮಾತು ಮರೆತು ತಡವರಿಸಿದರೆ ಅದಕ್ಕೂ ಏನೋ ಅರ್ಥವಿದೆ ಎಂದು ತಲೆದೂಗುತ್ತಿದ್ದರು. ಪಡಸಾಲಿಯವರ ನಾಟಕದಲ್ಲಿ ತಪ್ಪು ಎಂಬುದೇ ಇಲ್ಲ ಎಂದು ಊರು ನಂಬಿತು. ಊರನ್ನು ಹೀಗೆ ಪಳಗಿಸಿದೆನಲ್ಲ ಎಂದು ಅಕ್ಕ ಹಿಗ್ಗಿದರು. ನಾನೂ ಹಿಗ್ಗಿದೆ.

ಮುಮ್ತಾಜ ನದಾಫ್ ತಂಡಕ್ಕೆ ಬಂದದ್ದು ಆಗ. ಅಕ್ಕನ ಹಳೆಯ ವಿದ್ಯಾರ್ಥಿನಿ. ಹೊಲಿಗೆ ಕ್ಲಾಸು ನಡೆಸುತ್ತಿದ್ದಳು. ನನ್ನ ಮೇಲೆ ಕೂರುವ ಮೊದಲು ಕೈಯಿಂದ ಧೂಳು ಒರೆಸುತ್ತಿದ್ದವಳು ಅವಳೊಬ್ಬಳೇ. ರಾಣೆಬೆನ್ನೂರಿನ ಒಂದು ಪ್ರದರ್ಶನದಲ್ಲಿ ಗಂಗಾಧರ ರಂಗದ ಅಂಚು ತಪ್ಪಿ ಕೆಳಗೆ ಬಿದ್ದ. ಹಣೆ ಒಡೆಯಿತು. ರಕ್ತ ಕಂಡದ್ದೇ ಮುಮ್ತಾಜ, "ನಿಲ್ಲಸ್ರಿ, ಲೈಟ್ ಹಚ್ಚ್ರಿ, ಅಣ್ಣಾಗ ಪೆಟ್ಟಾಗೈತಿ" ಎಂದು ಕೂಗಿಬಿಟ್ಟಳು. ನಾಟಕ ನಿಂತಿತು. ಗಂಗಾಧರನಿಗೆ ಹೊಲಿಗೆ ಬಿತ್ತು, ಎರಡು ದಿನಕ್ಕೆ ಸರಿಹೋದ. ಅಕ್ಕ ಮಾತ್ರ ಸರಿಹೋಗಲಿಲ್ಲ.

"ಅಂವಾ ಬಿದ್ದಿದ್ದ, ಸತ್ತಿರಲಿಲ್ಲ. ಸತ್ತದ್ದು ನಾಟಕ. ನೀ ಕೊಂದಿ," ಎಂದರು. ಎಲ್ಲರ ಎದುರಿಗೇ ಅಂದರು. ಆಮೇಲೆ ಬಹಳ ಕಾಲ ಅವಳಿಗೆ ಪಾತ್ರ ಕೊಡಲಿಲ್ಲ. ಮುಮ್ತಾಜ ದಿನಾ ಬಂದು ಪಡಸಾಲಿಯ ಕಸ ಹೊಡೆದು, ನನ್ನ ಮೇಲೆ ಕೂತು ಉಳಿದವರ ಅಭ್ಯಾಸ ನೋಡಿ ಹೋಗುತ್ತಿದ್ದಳು. ಒಂದು ಸಂಜೆ ಅಕ್ಕನ ಕಾಲು ಹಿಡಿದುಬಿಟ್ಟಳು. "ಇನ್ನ ನನ್ನ ಜೀವಾ ಹೋದ್ರೂ ನಿಲ್ಲಸಂಗಿಲ್ರಿ ಅಕ್ಕಾರ." ಅಕ್ಕ ಎತ್ತಿ ಅಪ್ಪಿಕೊಂಡರು. ಅಕ್ಕನದು ಅನ್ಯಾಯ ಎಂದು ನನಗೆ ಆಗಲೂ ಅನ್ನಿಸಿತ್ತು. ನನ್ನನ್ನು ಯಾರು ಕೇಳಬೇಕು?

ಟೀವಿ ಧಾರಾವಾಹಿಗಳು ಬಂದ ಮೇಲೆ ತಂಡ ಸೋರತೊಡಗಿತು. ಒಬ್ಬೊಬ್ಬರಾಗಿ ಹೋದರು. ಹೋಗುವವರು ಅಕ್ಕನ ಎದುರು ತಲೆ ತಗ್ಗಿಸಿ ನಿಲ್ಲುತ್ತಿದ್ದರು, ಅಕ್ಕ "ಹೋಗ್ರಿ, ಚಲೋ ಆಗ್ಲಿ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಬ್ಬ ನಟ ಹೋದಾಗಲೆಲ್ಲ ಅವನ ಪಾಲಿನ ಮಾತುಗಳೂ ಹೋದವು. ಯಾವ ನಾಟಕವೂ ಬರಹದಲ್ಲಿ ಇರಲಿಲ್ಲವಲ್ಲ. ಸಿಂಹಾಸನದ ಸವಾಲನ್ನು ಮತ್ತೆ ಆಡೋಣವೆಂದರೆ ಅರ್ಧ ನಾಟಕ ಯಾರಿಗೂ ನೆನಪಿಲ್ಲ. ನೌಕರಿಯಿಂದ ನಿವೃತ್ತರಾದ ಅಕ್ಕ ಪಡಸಾಲಿಯಲ್ಲಿ ನನ್ನ ಮೇಲೆ ಒಬ್ಬರೇ ಕೂತು ಹಳೆಯ ಮಾತುಗಳನ್ನು ಹುಡುಕುವುದನ್ನು ನಾನು ಕೇಳಿದ್ದೇನೆ. ಒಂದು ಸಾಲು ಸಿಕ್ಕರೆ ಮುಂದಿನದು ಸಿಗುತ್ತಿರಲಿಲ್ಲ. ಇಡೀ ಬದುಕು ಕೈಯಿಂದ ಜಾರುತ್ತಿದೆ ಎಂದು ಅವರಿಗೆ ಗೊತ್ತಾಗಿತ್ತು. ಆದರೂ ಪೆನ್ನು ಹಿಡಿಯಲಿಲ್ಲ.

ಉಳಿದ ಗಂಗಾಧರ ಮತ್ತು ಮುಮ್ತಾಜರನ್ನು ಕಟ್ಟಿಕೊಂಡು ಅಕ್ಕ ಕೊನೆಯ ನಾಟಕ ಕಟ್ಟಿದರು. 'ಮಾತು ಬಿಟ್ಟವಳು.' ಮನೆಯಲ್ಲಿ ತನ್ನ ಮಾತು ಯಾರಿಗೂ ಬೇಡವಾದಾಗ ಒಬ್ಬ ಮುದುಕಿ ಮಾತಾಡುವುದನ್ನೇ ಬಿಡುತ್ತಾಳೆ. ಮಗ ಗಂಗಾಧರ, ಸೊಸೆ ಮುಮ್ತಾಜ, ಮುದುಕಿ ಸ್ವತಃ ಅಕ್ಕ. ಕೊನೆಯಲ್ಲಿ ಮುದುಕಿ ನನ್ನ ಮೇಲೆ ಸುಮ್ಮನೆ ಕೂರುತ್ತಾಳೆ. ಮಗ, ಸೊಸೆ ಅವಳಿಂದ ಒಂದು ಮಾತು ಹೊರಡಿಸಲು ಒದ್ದಾಡುತ್ತಾರೆ. ಬಹಳ ಹೊತ್ತಿನ ನಂತರ ಅವಳು ನಕ್ಕು, ಎದ್ದು, ಪ್ರೇಕ್ಷಕರ ನಡುವೆ ಹಾದು ಹೊರಟುಹೋಗುತ್ತಾಳೆ. ಇಷ್ಟೇ ನಾಟಕ.

ಮೊದಲ ಪ್ರದರ್ಶನಕ್ಕೆ ಸಭಾಂಗಣ ತುಂಬಿತ್ತು. ಎಷ್ಟೋ ವರ್ಷಕ್ಕೆ ತುಂಬಿತ್ತು. ಕೊನೆಯ ದೃಶ್ಯದಲ್ಲಿ ಅಕ್ಕ ನನ್ನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತರು. ಪಾತ್ರದಲ್ಲಿದ್ದಾಗಲೂ ಅವರ ಬಲಗೈ ಬೆರಳುಗಳು ನನ್ನ ಅಂಚನ್ನು ಮೆಲ್ಲಗೆ ತಟ್ಟುತ್ತಿದ್ದವು, ಮಂದಿಗೆ ಕಾಣದ ಹಾಗೆ. ಆ ತಟ್ಟುವಿಕೆ ಇದ್ದಕ್ಕಿದ್ದಂತೆ ನಿಂತಿತು. ಮೈಭಾರವೆಲ್ಲ ಒಂದೇ ಮಗ್ಗುಲಿಗೆ ಬಂತು. ನನ್ನ ಮೇಲೆ ಬೆಚ್ಚಗೆ ಒದ್ದೆಯಾಯಿತು. ಇದು ನಾಟಕವಲ್ಲ ಎಂದು ನನಗೆ ಆ ಕ್ಷಣವೇ ತಿಳಿಯಿತು.

"ಯವ್ವಾ, ಒಂದು ಮಾತಾಡು. ಬೈಯಾರ ಬೈ," ಎನ್ನುತ್ತಿದ್ದ ಗಂಗಾಧರ.

ಅಕ್ಕನ ತುಟಿ ಒಂದು ಕಡೆ ಜೋಲಿತು. ಸಭೆಯಲ್ಲಿ ಯಾರೋ ಉಸಿರು ಎಳೆದುಕೊಂಡರು. ಅಕ್ಕ ಏಳಬೇಕಾದ ಹೊತ್ತು ಬಂತು, ಹೋಯಿತು. ಅಕ್ಕ ಹೊಸದೇನೋ ಮಾಡುತ್ತಿದ್ದಾರೆ ಎಂದುಕೊಂಡ ಗಂಗಾಧರನಿಗೆ ಹುರುಪು ಬಂತು. ಮೊಣಕಾಲೂರಿ ಅವರ ಮಡಿಲಲ್ಲಿ ತಲೆಯಿಟ್ಟು ಖರೆಖರೆ ಅತ್ತ. ಮಾತಾಡು, ಮಾತಾಡು ಎಂದು ಬೇಡಿಕೊಂಡ. ಮಾತಾಡಲು ಅಕ್ಕನ ಗಂಟಲು ಎಷ್ಟು ಹೆಣಗುತ್ತಿದೆ ಎಂದು ಅವರ ಮೈ ನಡುಗಿದ್ದರಿಂದ ನನಗೆ ಗೊತ್ತಾಗುತ್ತಿತ್ತು. ನಾನು ಮರ. ಮುರಿದಾದರೂ ಬೀಳಬಾರದೇ ಎಂದು ಹಲುಬಿದೆ. ಮೌನೇಶಪ್ಪ ನನ್ನನ್ನು ಗಟ್ಟಿಯಾಗಿ ಮಾಡಿಬಿಟ್ಟಿದ್ದ.

ಮುಮ್ತಾಜಳಿಗೆ ಮಾತ್ರ ಅನುಮಾನ ಬಂತು. ಸೆರಗು ಸರಿಮಾಡುವ ನೆವದಲ್ಲಿ ಬಗ್ಗಿ, "ಅಕ್ಕಾರ?" ಎಂದು ಪಿಸುಗುಟ್ಟಿದಳು. ಅಕ್ಕನ ಕಣ್ಣು ಅವಳನ್ನೇ ನೋಡುತ್ತಿತ್ತು. ಅವಳು ಸಭೆಯ ಕಡೆ ತಿರುಗಿದಳು, ಬಾಯಿ ತೆರೆದಳು. ಗಂಗಾಧರ ಕಣ್ಣಿನಲ್ಲೇ ಗದರಿಸಿದ: ಮುಂದುವರಿಸು. ಬಾಯಿ ಮುಚ್ಚಿದಳು. ಆಮೇಲೆ ಸೊಸೆಯ ಮಾತು ಹೇಳಿದಳು.

ಕೊನೆಗೆ ಗಂಗಾಧರನೇ ಹೊಸ ಮುಕ್ತಾಯ ಹುಡುಕಿದ. ಅಕ್ಕನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಪ್ರೇಕ್ಷಕರ ನಡುವೆ ನಡೆದು ಹೋದ. ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಹೊರಗೆ ಬೆಂಚಿನ ಮೇಲೆ ಕೂರಿಸಿದಾಗ ಅಕ್ಕ ಜಾರಿ ನೆಲಕ್ಕೆ ಬಿದ್ದರಂತೆ. ಆಗ ಗಂಗಾಧರನಿಗೆ ತಿಳಿಯಿತು. ಬೇಗ ತಂದಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದರಂತೆ ಡಾಕ್ಟರು. ನನ್ನನ್ನು ಮಾರನೆಯ ದಿನ ಮುಮ್ತಾಜಳೇ ಬಂದು ತೊಳೆದಳು. ತೊಳೆಯುತ್ತ ತೊಳೆಯುತ್ತ ತನ್ನ ಬಾಯಿಯ ಮೇಲೆ ತಾನೇ ಹೊಡೆದುಕೊಂಡಳು.

ಅಕ್ಕನ ಬಲಭಾಗ ಹೋಯಿತು, ಮಾತು ಪೂರಾ ಹೋಯಿತು. ಮುಮ್ತಾಜ ಅಕ್ಕನನ್ನು ತನ್ನ ಮನೆಗೇ ಕರೆದುಕೊಂಡು ಹೋದಳು. ಇತ್ತ ಪತ್ರಿಕೆಯವರು ಆ ಕೊನೆಯ ಮೌನವನ್ನು ಹಾಡಿ ಹೊಗಳಿದರು. ಅಂಥ ಅಭಿನಯ ತಾವು ಕಂಡೇ ಇಲ್ಲವಂತೆ. ನಾಟಕೋತ್ಸವವೊಂದಕ್ಕೆ ಕರೆ ಬಂತು.

"ಆಡೂಣು," ಎಂದ ಗಂಗಾಧರ. "ಅಕ್ಕಾರ ಕಟ್ಟಿದ್ದರಾಗ ಉಳಿದಿದ್ದು ಇದೊಂದ. ನಾವಿಬ್ಬರೂ ಮರತ್ರ ಇದೂ ಹೋಗತೈತಿ. ಮುದುಕಿ ಪಾತ್ರ ನೀ ಮಾಡು. ಕಡೀ ಸೀನು ಅವತ್ತ ಹ್ಯಾಂಗ ಆತೋ ಹಾಂಗ ಇರ್ಲಿ."

"ಅಣ್ಣಾ, ಅದು ಅಭಿನಯ ಅಲ್ಲ."

"ಆದದ್ದನ್ನ ನಾಟಕದಾಗ ತಗೋರಿ ಅಂದವ್ರು ಅಕ್ಕಾರಲ್ಲೇನು?"

ಗಂಗಾಧರ ಕೆಟ್ಟವನಲ್ಲ. ಹೇಗಾದರೂ ಮಾಡಿ ಅಕ್ಕನ ಒಂದು ನಾಟಕವಾದರೂ ಬದುಕಬೇಕು ಎಂದು ಅವನ ಜೀವ ಬಡಿದುಕೊಳ್ಳುತ್ತಿತ್ತು. ಮುಮ್ತಾಜ ಕನ್ನಡಿಯ ಮುಂದೆ ತುಟಿ ಜೋಲಿಸುವುದನ್ನು ಕಲಿತಳು. ಸೊಸೆಯ ಪಾತ್ರಕ್ಕೆ ಹೊಸ ಹುಡುಗಿಯೊಬ್ಬಳು ಬಂದಳು. ಅಕ್ಕನ ಎದುರು ಕೊನೆಯ ದೃಶ್ಯವೊಂದನ್ನು ಬಿಟ್ಟು ಉಳಿದದ್ದೆಲ್ಲ ಅಭ್ಯಾಸ ಮಾಡಿದರು.

ಉತ್ಸವದ ದಿನ ಅಕ್ಕನನ್ನು ಗಾಲಿಕುರ್ಚಿಯಲ್ಲಿ ಮುಂದಿನ ಸಾಲಿಗೆ ತಂದು ಕೂರಿಸಿದರು. ಶಾಲು ಹೊದಿಸಿದರು. ನಾಟಕ ಚೆನ್ನಾಗಿಯೇ ನಡೆಯಿತು. ಕೊನೆಯ ದೃಶ್ಯಕ್ಕೆ ಮುಮ್ತಾಜ ನನ್ನ ಮೇಲೆ ಕೂತಳು. ಅಂಚನ್ನು ಬೆರಳಿಂದ ತಟ್ಟಿದಳು. ನಿಲ್ಲಿಸಿದಳು. ಒಂದು ಮಗ್ಗುಲಿಗೆ ವಾಲಿದಳು. ತುಟಿ ಜೋಲಿಸಿದಳು.

ಅಕ್ಕನ ಗಂಟಲಿಂದ ಒಂದು ದನಿ ಬಂತು. ಮಾತಲ್ಲ, ಬರೀ ದನಿ, ಆ ಎಂದು. ಮತ್ತೆ ಬಂತು, ಜೋರಾಗಿ. ಎಡಗೈಯಿಂದ ಕುರ್ಚಿಯ ಹಿಡಿಕೆ ಬಡಿಯತೊಡಗಿದರು. ಪಕ್ಕದಲ್ಲಿ ಕೂತವರು ಮೆಚ್ಚುಗೆಯಿಂದ ಅವರ ಕಡೆ ತಿರುಗಿದರು. ಎಂಥ ಯೋಚನೆ ನೋಡು, ಸಭೆಯೊಳಗೂ ಪಾತ್ರ ಇಟ್ಟಿದ್ದಾರೆ ಎಂದು ಒಬ್ಬರು ಇನ್ನೊಬ್ಬರಿಗೆ ಹೇಳಿದ್ದು ನನಗೂ ಕೇಳಿಸಿತು. ಗಂಗಾಧರ ಬೆವತುಹೋಗಿದ್ದ. ಆದರೂ "ಯವ್ವಾ, ಮಾತಾಡು" ಎಂದು ಮುಂದುವರಿಸಿದ.

ಮುಮ್ತಾಜ ಎದ್ದು ನಿಂತಳು.

"ಸಾಕ್ರಿ. ನಾಟಕ ನಿಂತೈತಿ. ಲೈಟ್ ಹಚ್ಚ್ರಿ."

ಚಪ್ಪಾಳೆ ಬಿತ್ತು.

"ಖರೇನ ನಿಂತೈತ್ರಿ! ನಾ ಮುಮ್ತಾಜ. ಅವ್ರು ನಮ್ಮ ಅಕ್ಕಾರ. ಅವತ್ತ ಅವ್ರಿಗೆ ಲಕ್ವಾ ಹೊಡದಿತ್ತು, ಅಭಿನಯ ಅಲ್ಲ ಅದು. ನಾ ನೋಡಿದ್ನಿ. ನೋಡಿ ಸುಮ್ಮನ ನಿಂತಿದ್ನಿ."

ಇನ್ನೂ ಜೋರಾಗಿ ಚಪ್ಪಾಳೆ ಬಿತ್ತು. ಹಿಂದಿನ ಸಾಲಿನವರು ಎದ್ದು ನಿಂತರು. ಅವಳು ಅಳುತ್ತ ಕೈ ಮುಗಿದರೆ ಅವರೂ ಕಣ್ಣೊರೆಸಿಕೊಂಡರು. ಮನೆಗೆ ಹೋಗಿ ಎಂದರೆ ಯಾರೂ ಅಲುಗಲಿಲ್ಲ, ಮುಂದೇನು ಎಂದು ಕಾದರು. ಕೊನೆಗೆ ಗಂಗಾಧರನೇ ಸಭೆಯ ದೀಪ ಹಾಕಿಸಿದ. ಗೋಡೆಗೆ ಮುಖ ಮಾಡಿ ನಿಂತುಬಿಟ್ಟ. ಮಂದಿ ಆ ಬೆಳಕಿನಲ್ಲೂ ಬಹಳ ಹೊತ್ತು ಕೂತಿದ್ದು, ಆಮೇಲೆ ಮೆಲ್ಲಗೆ ನಾಟಕದ ಬಗ್ಗೆ ಮಾತಾಡಿಕೊಳ್ಳುತ್ತ ಹೋದರು. ಮುಮ್ತಾಜ ಕೆಳಗಿಳಿದು ಅಕ್ಕನ ಕಾಲ ಬಳಿ ಕೂತಿದ್ದಳು. ಅಕ್ಕನ ಎಡಗೈ ಅವಳ ತಲೆಯ ಮೇಲೆ ಬಿತ್ತು. ಹೊಡೆದದ್ದೋ ಸವರಿದ್ದೋ, ರಂಗದ ಮೇಲಿದ್ದ ನನಗೆ ಕಾಣಲಿಲ್ಲ.

ಪಡಸಾಲಿ ಆಮೇಲೆ ಆಡಲಿಲ್ಲ. 'ಮಾತು ಬಿಟ್ಟವಳು' ಈಗ ಎಲ್ಲಿಯೂ ಇಲ್ಲ, ಉಳಿದ ನಾಟಕಗಳೂ ಇಲ್ಲ. ಅಷ್ಟು ವರ್ಷದ ದುಡಿಮೆಯಲ್ಲಿ ಕಣ್ಣಿಗೆ ಕಾಣುವ ಹಾಗೆ ಮಿಕ್ಕಿರುವುದು ನಾನೊಬ್ಬನೇ ಎಂದು ಯೋಚಿಸಿದರೆ ಎದೆ ಒಡೆಯುತ್ತದೆ. ಮುಮ್ತಾಜಳ ಮನೆಯ ಅಡುಗೆಮನೆಯ ಮೂಲೆಯಲ್ಲಿ ಇದ್ದೇನೆ. ನನ್ನ ಮೇಲೆ ಹಿಟ್ಟಿನ ಡಬ್ಬ ಇದೆ. ಕಪ್ಪು ಬಣ್ಣ ಉದುರಿ ಬೇವು ಕಾಣುತ್ತಿದೆ. ಮೊನ್ನೆ ಸಂತೆಯಲ್ಲಿ ಯಾರೋ ಅವಳ ಗುರುತು ಹಿಡಿದು, "ಅವತ್ತು ನಾಟಕ ನಿಲ್ಲಿಸಿದ ಹಾಂಗ ಮಾಡಿದ್ರಲ್ರಿ, ಭಾಳ ಚಲೋ ಇತ್ತು, ಮತ್ತ ಯಾವಾಗ ಆಡ್ತೀರಿ?" ಎಂದರಂತೆ. ಮನೆಗೆ ಬಂದು ಅಕ್ಕನಿಗೆ ಅದನ್ನು ಹೇಳಿದಳು. ಹೇಳಿ, ರೊಟ್ಟಿಗೆ ಕೂತಳು.

ಒಳಕೋಣೆಯಿಂದ ಅಕ್ಕನ ದನಿ ಬರುತ್ತದೆ. ನೀರಿಗೋ, ಮಗ್ಗುಲು ಬದಲಿಸಲೋ, ಏನಕ್ಕೂ ಅಲ್ಲದೆಯೋ. ಒಂದೇ ದನಿ ಎಲ್ಲದಕ್ಕೂ. ಪ್ರತಿ ಸಲವೂ ಮುಮ್ತಾಜ ಇದ್ದ ಕೆಲಸ ಇದ್ದಲ್ಲೇ ಬಿಟ್ಟು ಓಡುತ್ತಾಳೆ. ಹಂಚಿನ ಮೇಲೆ ರೊಟ್ಟಿ ಹೊತ್ತಿಹೋಗುತ್ತದೆ.