ಒದರದ ಬಟ್ಟೆ

ಗಂಡ ತಿಮೊತೆಯೊನ ಕೆಲಸದ ನೀಲಿ ಅಂಗಿಯನ್ನು ಕಸಿಲ್ದಾ ಮಡಿಕೆ ಬಿಚ್ಚದೆ ಗಂಟಿನ ತಳಕ್ಕೆ ತುರುಕುತ್ತಿದ್ದಳು. ಬೆಳಿಗ್ಗೆ ಅವನನ್ನು ಮಣ್ಣು ಮಾಡಿದವರೆಲ್ಲ ಈಗ ಚಳಿಯ ಬೆಟ್ಟಸೀಮೆಯ ಒರುರೊ ಊರಾಚೆಯ ಹೊಳೆದಂಡೆಯಲ್ಲಿ ಸೇರಿದ್ದರು. ಸತ್ತವನ ಬಟ್ಟೆ ಒಗೆದು ಮುಗಿಯುವ ತನಕ ಜೀವ ಅಲ್ಲೇ ಸುಳಿದಾಡುತ್ತಿರುತ್ತದೆ, ಆಡಿದ್ದನ್ನೆಲ್ಲ ಕೇಳಿಸಿಕೊಳ್ಳುತ್ತಿರುತ್ತದೆ.

"ಏನೇ ಹೇಳಿ, ಅವನು ಪಟ್ಟಿ ಸುತ್ತಿದ ಸೈಲೆನ್ಸರ್ ಕೊಳವೆ ಬಿಸಿ ಬಿಟ್ಟುಕೊಡ್ತಿರ್ಲಿಲ್ಲ," ಎಂದ ಲಾರಿ ಚಾಲಕ ಸೆವೆರೊ, ಕೋಕಾ ಎಲೆಯನ್ನು ದವಡೆಗೆ ಒತ್ತರಿಸುತ್ತ. "ಎಂಥಾ ಚಳೀಲಿ, ಎಂಥಾ ಏರಲ್ಲೂ ನನ್ನ ಮುದುಕಿ ಏದುಸಿರು ಬಿಡ್ಲಿಲ್ಲ."

"ಯಾವ ಮುದುಕಿ? ಮನೇಲಿರೋಳಾ, ಲಾರಿನಾ?" ಎಂದಳು ಸತ್ತವನ ಅಕ್ಕ ಅಸುಂತಾ.

ಅಳುತ್ತಿದ್ದವರೂ ನಕ್ಕರು. ಕಸಿಲ್ದಾಳ ನಗು ಕೆಮ್ಮಾಯಿತು. ಶಾಲಿನಿಂದ ಬಾಯಿ ಮುಚ್ಚಿಕೊಂಡಳು.

*

ಲಾರಿಗಳ ಕೊಳವೆಯ ಮೇಲಿನ ಹಳೆಯ ಕಲ್ನಾರಿನ ಪಟ್ಟಿ ಕಿತ್ತು, ಹೊಸದನ್ನು ಸುತ್ತಿ, ತಂತಿ ಬಿಗಿಯುವುದು ತಿಮೊತೆಯೊನ ಕಸುಬಾಗಿತ್ತು. ಸಂಜೆ ಹಿಟ್ಟಿನ ಗಿರಣಿಯಿಂದ ಬಂದವನಂತೆ ಬರುತ್ತಿದ್ದ. ಅವಳು ಅಂಗಳದಲ್ಲಿ ಅಂಗಿ ಒದರಿದರೆ ಬಿಸಿಲಿನಲ್ಲಿ ಧೂಳು ಮಿನುಗುತ್ತಿತ್ತು.

"ನೋಡೇ, ಮನೆಗೇ ಹಿಮ ತಂದಿದೀನಿ," ಎನ್ನುತ್ತಿದ್ದ.

ಹೋದ ಚಳಿಗಾಲದಲ್ಲಿ ಅವನನ್ನು ಪರೀಕ್ಷಿಸಿದ ವೈದ್ಯೆ ಅವಳೊಬ್ಬಳನ್ನೇ ಹೊರಗೆ ಕರೆದಳು.

"ಆ ಪಟ್ಟಿಯ ಧೂಳು ನಿಮ್ಮ ಯಜಮಾನರ ಶ್ವಾಸಕೋಶ ತಿಂದುಹಾಕಿದೆ. ಅವರ ಬಟ್ಟೆ ಯಾರು ಒಗೀತಾರೆ?"

"ನಾನೇ."

"ಒದರ್ತೀರಾ?"

ಅವಳು ಶಾಲಿನೊಳಗೆ ಕೆಮ್ಮಿದಳು. ಒಳಗೆ ಬಂದಾಗ ತಿಮೊತೆಯೊ ಕೇಳಿದ, "ಏನಂತೆ?"

"ಚಳಿ ಜಾಸ್ತಿ ಆಯ್ತಂತೆ."

ಹೆಂಡತಿಯ ಕೆಮ್ಮು ಎಲ್ಲಿಂದ ಬಂತೆಂದು ತಿಳಿದುಕೊಂಡು ಅವನು ಸಾಯುವುದು ಅವಳಿಗೆ ಬೇಡವಾಗಿತ್ತು.

*

"ಮೊದಲು ಸೊಸೆ ಒದರ್ಲಿ," ಎಂದಳು ಅಸುಂತಾ. "ನನ್ನ ತಮ್ಮನ ದಣಿವೆಲ್ಲ ಉದುರಿ ಹೋಗ್ಲಿ. ಬಾರೆ ನೀವೆಸ್."

ಬೆನ್ನಿಗೆ ಕೂಸು ಕಟ್ಟಿಕೊಂಡಿದ್ದ ನೀವೆಸ್ ಗಂಟಿಗೆ ಕೈಯಿಟ್ಟಳು. ಕಸಿಲ್ದಾ ಬಿಡಲಿಲ್ಲ.

"ನಾನೇ ಒಗೀತೀನಿ."

"ನೀರು ಕೊರೀತಿದೆ ಅತ್ತೆ, ನಿಮಗೆ ಮೊದಲೇ ಕೆಮ್ಮು. ಕೊಡಿ ಇಲ್ಲಿ."

"ಹೆಂಡ್ತಿ ಒಗೆದ್ರೆ ಜೀವ ಕಾಲು ಕೀಳಲ್ಲ ಕಣೇ!" ಅಸುಂತಾ ಗದರಿದಳು. "ಅವನು ಇಲ್ಲೇ ಅಲೀತಾ ಇರ್ಬೇಕಾ?"

ಅದು ಕಸಿಲ್ದಾಳಿಗೂ ಗೊತ್ತಿದ್ದ ಮಾತೇ. ಬೆನ್ನ ಹಿಂದೆ ಸೀಟಿಯಂಥ ಸಣ್ಣ ಸದ್ದು. ಕೊನೆಯ ತಿಂಗಳುಗಳಲ್ಲಿ ಅವನು ಉಸಿರೆಳೆಯುತ್ತಿದ್ದದ್ದೇ ಹಾಗೆ. ತಿರುಗಿ ನೋಡಿದರೆ ಒಣಹುಲ್ಲು, ಗಾಳಿ. ಧೂಳಿನ ಕಾರಣ ಹೇಳಿದರೆ ಅವನಿಗೂ ಕೇಳಿಸುತ್ತದೆ. ನೀವೆಸ್‌ಳ ಹೆಗಲ ಮೇಲೆ ಕೂಸು ಬಾಯಿ ಅಗಲಿಸಿ ಆಕಳಿಸಿತು.

ಅಲೆಯಲಿ ಬಿಡು, ಎಂದುಕೊಂಡಳು ಕಸಿಲ್ದಾ. ನನ್ನ ಜೊತೆಗೇ ಅಲೆಯಲಿ.

ಗಂಟನ್ನು ಎದೆಗವಚಿ ಹೊಳೆಗಿಳಿದಳು. ದಂಡೆಯಿಂದ ಅಸುಂತಾ ಕೂಗುತ್ತಲೇ ಇದ್ದಳು. ಕಸಿಲ್ದಾ ಮಂಡಿಯೂರಿ, ಗಂಟನ್ನು ನೀರೊಳಗೇ ಬಿಚ್ಚಿ, ನೀಲಿ ಅಂಗಿಯನ್ನು ಎರಡೂ ಕೈಗಳಿಂದ ಅದುಮಿದಳು. ಹಾಲಿನಂಥ ಬಿಳುಪು ಎದ್ದು ಹರಿಯಿತು. ಅಂಗಿಯ ತೋಳುಗಳು ಗಾಳಿ ತುಂಬಿಕೊಂಡು ಮೇಲೆ ಬಂದು, ಸೆಳವಿಗೆ ಸಿಕ್ಕಿ, ಅವಳ ಸೊಂಟವನ್ನು ಮೆಲ್ಲಗೆ ಸುತ್ತಿಕೊಂಡವು.