ಬೆಳ್ಳಿ ಕಾಗದ ಸುತ್ತಿದ ಫ್ಯೂಸ್

ಕೊಯಮತ್ತೂರಿನ ಆ ಪಾಲಿಟೆಕ್ನಿಕ್ಕಿನಲ್ಲಿ ಚೆನ್ನಿಯಪ್ಪನ್ ಸಾರ್ ಉಪದೇಶ ಕೇಳದೆ ಕರೆಂಟು, ವೋಲ್ಟೇಜು ಅಳೆಯುವ ಮೀಟರು ಮುಟ್ಟಿದವರಿಲ್ಲ. "ವೈರು ಯಾವ ತೂತಲ್ಲಿದೆ ನೋಡಿ, ಆಮೇಲೆ ಅಳೀರಿ. ಮರೆತ್ರೆ ಫ್ಯೂಸ್ ಸಾಯತ್ತೆ, ಮೀಟರ್ ಉಳಿಯತ್ತೆ. ತಪ್ಪು ಮಾಡೋರಿಗೋಸ್ಕರಾನೇ ಕಣ್ರಪ್ಪಾ ಫ್ಯೂಸ್ ಇರೋದು." ಇಪ್ಪತ್ತೆರಡು ವರ್ಷ ಇದೇ ಪಾಠ.

ಇಂಥ ಮಹಾನುಭಾವರು ಆಷಾಢ ಮಾಸದಲ್ಲಿ ಒಂದು ಮೀಟರಿನ ಫ್ಯೂಸ್ ಸುಟ್ಟಾಗ ಏನು ಮಾಡಿದರು? ಹೊಸದಕ್ಕೆ ಅರ್ಜಿ ಬರೆದು ಮೂರು ವಾರ ಯಾರು ಕಾಯುತ್ತಾರೆಂದು, ಸುಟ್ಟ ಫ್ಯೂಸಿಗೇ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ಒಳಗೆ ಕೂರಿಸಿದರು. ಇನ್ನು ಎಷ್ಟು ಕರೆಂಟು ನುಗ್ಗಿದರೂ ಆ ಫ್ಯೂಸ್ ಸುಲಭಕ್ಕೆ ಸಾಯುವಂತಿರಲಿಲ್ಲ. ಆಮೇಲೆ ಮರೆತರಂತೆ. ಯಾರಿಗೆ ಹೇಳೋಣ!

ಶುಕ್ರವಾರ ಕೋಕಿಲವಾಣಿ ಅದೇ ಮೀಟರು ಹಿಡಿದಳು. ಅವರದೇ ಹಳೆಯ ವಿದ್ಯಾರ್ಥಿನಿ, ಈಗ ಅಲ್ಲೇ ಗುತ್ತಿಗೆಯ ಮೇಲೆ ಪಾಠ ಮಾಡುವವಳು. ವೈರು ಕರೆಂಟು ಅಳೆಯುವ ತೂತಿನಲ್ಲೇ ಇತ್ತು. ಗಮನಿಸದೆ ಗೋಡೆಯ ಪ್ಲಗ್ಗಿನ ವೋಲ್ಟೇಜು ಅಳೆಯಲು ಹೋದಳು. ಮೀಟರು ಢಬ್ಬೆಂದು ಸಿಡಿಯಿತು. ಬೆರಳುಗಳ ಮೇಲೆ ಬೊಬ್ಬೆ ಎದ್ದವು.

"ಸೋಮವಾರ ನಿನ್ನ ಗುತ್ತಿಗೆ ಮುಂದುವರಿಸೋಕೆ ಸಹಿ ಹಾಕೋಳಿದ್ದೆ," ಎಂದರು ವಿಭಾಗದ ಮುಖ್ಯಸ್ಥೆ ರಂಗನಾಯಕಿ. "ಇನ್ನು ಚೆನ್ನಿಯಪ್ಪನ್ ಸಾರ್ ವರದಿ ನೋಡಿಯೇ ಹೇಳ್ಬೇಕು."

ಸಾರ್ ಮೀಟರು ಬಿಚ್ಚಿದರು. ಅರ್ಧ ಕರಗಿದ ಬೆಳ್ಳಿ ಕಾಗದ. ಯಾರೂ ನೋಡುವ ಮೊದಲೇ ಫ್ಯೂಸನ್ನು ಜೇಬಿಗೆ ಸೇರಿಸಿದರು. ವರದಿಯಲ್ಲಿ 'ಬಳಸಿದವರ ಅಜಾಗರೂಕತೆ' ಎಂದು ಬರೆದರು. ಅಕ್ಷರ ಎಂದಿನಂತೆ ದುಂಡಗೇ ಬಂತು. ಅದನ್ನು ನೋಡಿಯೇ ಅವರಿಗೆ ಮೊದಲ ಸಲ ತಮ್ಮ ಮೇಲೆ ಹೇಸಿಗೆ ಹುಟ್ಟಿದ್ದು.

ಅಷ್ಟರಲ್ಲಿ ಕೋಕಿಲವಾಣಿ ಬಂದಳು, ಬೆರಳಿಗೆ ಬ್ಯಾಂಡೇಜು.

"ನಿಮ್ಮ ಮರ್ಯಾದೆ ಕಳೆದೆ ಸಾರ್. ತಪ್ಪು ನಂದೇ. ಆದ್ರೆ ಒಂದು ತಿಳೀಲಿಲ್ಲ, ಬೈಬೇಡಿ. ಫ್ಯೂಸ್ ಯಾಕೆ ಸಾಯ್ಲಿಲ್ಲ?"

ಕೇಳಿದ್ದು ಅನುಮಾನದಿಂದಲ್ಲ. ಪಾಠ ತನಗೇ ಸರಿಯಾಗಿ ಹತ್ತಿಲ್ಲವೇನೋ ಎಂಬ ಅಳುಕಿನಿಂದ. ಸಾರ್‌ಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಜೇಬಿಗೆ ಕೈಹಾಕಿ ಫ್ಯೂಸನ್ನು ಮೇಜಿನ ಮೇಲಿಟ್ಟರು.

"ನಾನೇ ಕಣಮ್ಮಾ ಸುತ್ತಿದ್ದು."

ಅವಳು ಬೈದಿದ್ದರೆ ಸಾರ್‌ಗೆ ಸಾಕಿತ್ತು, ಉಗಿದಿದ್ದರೂ ಸಾಕಿತ್ತು. ಹೊರಗೆ ಮುಂದಿನ ತರಗತಿಯ ಗದ್ದಲ ಕೇಳಿಸಿತು. ಕೋಕಿಲವಾಣಿ ಗಾಬರಿಯಿಂದ ಬ್ಯಾಂಡೇಜಿನ ಕೈಯನ್ನೇ ಫ್ಯೂಸಿನ ಮೇಲೆ ಮುಚ್ಚಿದಳು.

"ಒಳಗಿಡಿ ಸಾರ್, ಮಕ್ಕಳು ಬರ್ತಿದಾರೆ. ನಿಮ್ಮನ್ನ ಏನಂದ್ಕೋತಾರೆ?"

ಮಕ್ಕಳು ಒಳಗೆ ಬಂದು ನಿಂತರು. ಅವರೆದುರೇ ಚೆನ್ನಿಯಪ್ಪನ್ ಸಾರ್ ಆ ಕೈಯನ್ನು ಮೆಲ್ಲಗೆ ಸರಿಸಿ, ಫ್ಯೂಸನ್ನೂ ವರದಿಯನ್ನೂ ಎತ್ತಿಕೊಂಡು ರಂಗನಾಯಕಿಯವರ ಕೋಣೆಯತ್ತ ಹೊರಟರು.