ಉರಿಯದ ಔಷಧ

ಮುದುಕವ್ವ ಜಿಗಣಿಯ ಗ್ರಾನೈಟ್ ಕಾರ್ಖಾನೆಯಲ್ಲಿ ಕಲ್ಲು ತೊಳೆಯುವವಳು. ಸಕ್ಕರೆ ಕಾಯಿಲೆಯಿಂದ ಜೋಮು ಹಿಡಿದ ಅವಳ ಪಾದದಲ್ಲಿ ಹುಣ್ಣಾಗಿತ್ತು. ಸ್ಪಿರಿಟ್ ಹೊಸ ಚರ್ಮವನ್ನೂ ಸುಡುತ್ತದೆಂದು ಸಾಬೀತಾಗಿದ್ದರಿಂದ ಕ್ಲಿನಿಕ್ಕಿನ ನರ್ಸ್ ಹೇಮಲತಾ ಹುಣ್ಣನ್ನು ಬರೀ ಸಲೈನ್‌ನಿಂದ ತೊಳೆಯುತ್ತಿದ್ದಳು.

"ಉರೀಲಾರದ್ದು ಎಂಥಾ ಔಷಧರೀ ಅಕ್ಕಾರ?" ಎಂದು ಮುದುಕವ್ವ ಪ್ರತಿ ಸಲವೂ ಕೇಳುತ್ತಿದ್ದಳು.

"ಉರೀಬಾರ್ದು ಕಣಮ್ಮ, ಅದಕ್ಕೇ ಇದನ್ನ ಹಾಕೋದು," ಎಂದು ಹೇಮಲತಾ ಗದರುತ್ತಿದ್ದಳು. ಬಾಗಿಲಾಚೆಗೂ ಸಾಲು ನಿಂತಿರುವಾಗ ಬಿಡಿಸಿ ಹೇಳಲು ಯಾರಿಗೆ ಪುರುಸೊತ್ತು?

ಈ ಸೋಮವಾರ ಪಟ್ಟಿ ಬಿಚ್ಚಿದರೆ ಪಾದವೆಲ್ಲ ಕರ್ರಗಾಗಿತ್ತು.

"ಏನಮ್ಮ ಹಾಕ್ದೆ ಇದಕ್ಕೆ?"

"ಕಲ್ಲು ತೊಳಿಯೂ ಆ್ಯಸಿಡ್ ಹಾಕೀನ್ರೀ," ಎಂದಳು ಮುದುಕವ್ವ, ಮೋಸಹೋದವಳ ಹಾಗೆ. "ಅದೂ ಉರೀಲಿಲ್ಲ ನೋಡ್ರೀ."